ಊರು ಚಿಕ್ಕದು, ಪಿಜ್ಜಾ ಒಳ್ಳೆಯದು: ಓದುಗರ ಪ್ರಶ್ನೆ, ನಮ್ಮ ಉತ್ತರ

ದೊಡ್ಡ ನಗರ ದಾಟಿ ಐವತ್ತು ನೂರು ಕಿಲೋಮೀಟರ್ ಆಚೆ ಹೋದರೆ ಒಳ್ಳೆಯ ಪಿಜ್ಜಾ ಸಿಗುತ್ತದೆಯೇ, ಸಿಕ್ಕರೆ ಗುರುತು ಹಿಡಿಯುವುದು ಹೇಗೆ ಎಂದು ಕೇಳಿದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದಾಗಿಸಿದ್ದೇವೆ.

ಪ್ರಶ್ನೆ: ಕೆಲಸದ ಮೇಲೆ ವಾರಕ್ಕೆ ಮೂರು ನಾಲ್ಕು ಸಣ್ಣ ಊರು ಸುತ್ತುತ್ತೇನೆ. ಎಲ್ಲ ಕಡೆಯೂ ಪಿಜ್ಜಾ ಬೋರ್ಡ್ ಇದೆ. ರೆಡಿಮೇಡ್ ಬೇಸ್ ಮೇಲೆ ಚೀಸ್ ಸುರಿದಿದ್ದಾರೆ ಅನ್ನುವುದು ದುಡ್ಡು ಕೊಟ್ಟು ತಿಂದ ಮೇಲೆಯೇ ಗೊತ್ತಾಗುತ್ತದೆ. ಮೊದಲೇ ತಿಳಿಯುವ ದಾರಿ ಇದೆಯೇ?

ಉತ್ತರ: ಇದೆ. ಮೊದಲು ಫೋನಿನ ನಕ್ಷೆಯಲ್ಲಿ ಅಂಗಡಿಯ ಫೋಟೋಗಳನ್ನು ತೆರೆಯಿರಿ. ಅಂಗಡಿಯವರು ಹಾಕಿದ್ದು ಬಿಡಿ, ಗಿರಾಕಿಗಳು ಹಾಕಿದ್ದು ನೋಡಿ. ಅದರಲ್ಲೂ ಕಳೆದ ಮೂರು ನಾಲ್ಕು ತಿಂಗಳಿನವು. ಸಣ್ಣ ಊರಿನ ಅಂಗಡಿಯಲ್ಲಿ ಓವನ್ ಮುಂದೆ ನಿಲ್ಲುವವರು ಒಬ್ಬರೋ ಇಬ್ಬರೋ. ಅವರು ಕೆಲಸ ಬಿಟ್ಟು ಹೋಗಿದ್ದರೆ ಎರಡು ವರ್ಷದ ಹಿಂದಿನ ಐದು ಸ್ಟಾರ್‌ಗೆ ಬೆಲೆಯಿಲ್ಲ.

ಚಿತ್ರದಲ್ಲಿ ಚೀಸನ್ನು ನೋಡಬೇಡಿ, ಅಂಚನ್ನು ನೋಡಿ. ಕೈಯಲ್ಲಿ ತಟ್ಟಿದ ಹಿಟ್ಟಿನ ಅಂಚು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಅಲ್ಲಲ್ಲಿ ಗುಳ್ಳೆ ಎದ್ದು ಅದರ ನೆತ್ತಿ ಕಪ್ಪಾಗಿರುತ್ತದೆ. ಇಂದಿನ ಪಿಜ್ಜಾ ನಿನ್ನೆಯದರ ಹಾಗಿರುವುದಿಲ್ಲ. ಕೈವಾರದಲ್ಲಿ ಎಳೆದ ಹಾಗೆ ದುಂಡಗೆ, ಸುತ್ತಲೂ ಒಂದೇ ಎತ್ತರ, ಬ್ರೆಡ್ಡಿನ ಪಕ್ಕೆಯ ಬಣ್ಣ ಇದ್ದರೆ ಅದು ಪ್ಯಾಕೆಟ್ಟಿನಿಂದ ಬಂದದ್ದು. ಯಾರಾದರೂ ತುಂಡು ಎತ್ತಿ ಹಿಡಿದ ಚಿತ್ರ ಸಿಕ್ಕಿ ತಳ ಕಂಡರೆ ಇನ್ನೂ ಸುಲಭ. ರೆಡಿಮೇಡ್ ಬೇಸಿನ ತಳದಲ್ಲಿ ಸಾಮಾನ್ಯವಾಗಿ ಸಾಲಾಗಿ ಚುಚ್ಚಿದ ತೂತುಗಳಿರುತ್ತವೆ, ಬಣ್ಣ ಎಲ್ಲ ಕಡೆ ಒಂದೇ. ಕಲ್ಲಿನ ಮೇಲೆ ನೇರವಾಗಿ ಬೆಂದ ತಳದಲ್ಲಿ ಕಂದು ಮತ್ತು ಕಪ್ಪು ಚುಕ್ಕೆ ಚೆದುರಿರುತ್ತವೆ.

ಆಮೇಲೆ ಫೋನ್ ಮಾಡಿ. "ನಿಮ್ಮ ಪಿಜ್ಜಾ ಚೆನ್ನಾಗಿದೆಯಾ" ಅಂತ ಕೇಳಿದರೆ ಬರುವ ಉತ್ತರ ಒಂದೇ. ಹೀಗೆ ಕೇಳಿ: "ಇವತ್ತಿನ ಹಿಟ್ಟು ಯಾವಾಗ ಕಲಸಿದ್ದು?" ನಿನ್ನೆ ಅಥವಾ ಮೊನ್ನೆ ಅಂದರೆ ಅರ್ಧ ಗೆದ್ದಿರಿ. ಬೆಳಗ್ಗೆ ಅಂದರೆ ಪರವಾಗಿಲ್ಲ. "ಹಿಟ್ಟಾ? ಬೇಸ್ ಇದೆ ಸಾರ್" ಅಂದರೆ ಮುಂದಿನ ಊರು. ಎರಡನೆಯ ಪ್ರಶ್ನೆ: "ಓವನ್‌ಗೆ ಹಾಕಿದ ಮೇಲೆ ಎಷ್ಟು ನಿಮಿಷ ಬೇಕು?" ಇದು ಕಾವಿನ ಲೆಕ್ಕ. ಒಂದೂವರೆ ಎರಡು ನಿಮಿಷ ಅಂದರೆ 400 ಡಿಗ್ರಿ ಸೆಲ್ಸಿಯಸ್ ದಾಟಿದ ಓವನ್. ಐದರಿಂದ ಎಂಟು ನಿಮಿಷ ಅಂದರೆ 300ರ ಆಸುಪಾಸು. ತೆಳು ಪಿಜ್ಜಾಗೆ ಹದಿನೈದು ನಿಮಿಷ ಅಂದರೆ ಕಾವು ಸಾಲದು, ಚೀಸ್ ಕೆಂಪಾಗುವಷ್ಟರಲ್ಲಿ ಬೇಸ್ ಒಣಗಿ ರಸ್ಕ್ ಆಗಿರುತ್ತದೆ. ಮೂರನೆಯದು ಸ್ವಲ್ಪ ತುಂಟ ಪ್ರಶ್ನೆ: "ಬೇಯಿಸದ ಹಿಟ್ಟಿನ ಉಂಡೆ ಒಂದೆರಡು ಮಾರುತ್ತೀರಾ?" ತಾವೇ ಕಲಸುವವರು ಮಾರದಿದ್ದರೂ ಪ್ರಶ್ನೆ ಅರ್ಥವಾಗಿ ನಗುತ್ತಾರೆ. ಕಲಸದವರಿಗೆ ಪ್ರಶ್ನೆಯೇ ಅರ್ಥವಾಗುವುದಿಲ್ಲ.

ಬಾಗಿಲಿಗೆ ಬಂದ ಮೇಲೆ ಒಂದು ನಿಮಿಷ ನಿಂತು ನೋಡಿ. ಒಂದರ ಮೇಲೊಂದು ಪೇರಿಸಿದ ಅಗಲವಾದ ಪ್ಲಾಸ್ಟಿಕ್ ಟ್ರೇಗಳು, ಅದರೊಳಗೆ ಹಿಟ್ಟಿನ ಉಂಡೆಗಳು ಕಂಡರೆ ಒಳ್ಳೆಯ ಲಕ್ಷಣ. ಮೆನುವಿನ ಉದ್ದವನ್ನೂ ಅಳೆಯಿರಿ. ದೊಡ್ಡ ನಗರದಲ್ಲಿ ನಲವತ್ತು ಬಗೆ ಇಟ್ಟರೂ ಸಾಮಾನು ದಿನಾ ಖಾಲಿಯಾಗುತ್ತದೆ. ದಿನಕ್ಕೆ ಇಪ್ಪತ್ತು ಪಿಜ್ಜಾ ಹೋಗುವ ಅಂಗಡಿಯಲ್ಲಿ ನಲವತ್ತು ಬಗೆ ಇದ್ದರೆ ಅಣಬೆ, ಆಲಿವ್, ಮಾಂಸ ಎಲ್ಲ ಡಬ್ಬಿಯಲ್ಲಿ ದಿನ ಎಣಿಸುತ್ತಿರುತ್ತವೆ. ಎಂಟು ಹತ್ತು ಬಗೆಯ ಮೆನು ಸಣ್ಣ ಊರಿನಲ್ಲಿ ಕಂಡರೆ ನಂಬಬಹುದು. "ಇವತ್ತಿನ ಹಿಟ್ಟು ಮುಗಿಯಿತು" ಎಂದು ರಾತ್ರಿ ಒಂಬತ್ತಕ್ಕೇ ಬಾಗಿಲು ಹಾಕುವ ಅಂಗಡಿ ಸಿಕ್ಕರೆ ಬೇಸರಪಡಬೇಡಿ, ಮರುದಿನ ಬೇಗ ಹೋಗಿ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆ ಪಿಜ್ಜಾಗೆ ಅಕ್ಷರಶಃ ಒಪ್ಪುತ್ತದೆ. ಮಲ್ಲಿಗೆ ಎಷ್ಟಿದೆ ಎಂದು ಎಣಿಸುವುದು ಬಿಟ್ಟು ಹಿಟ್ಟನ್ನು ವಿಚಾರಿಸಿ.

ಪ್ರಶ್ನೆ: ಪರಿಚಯವಿಲ್ಲದ ಅಂಗಡಿಯಲ್ಲಿ ಮೊದಲ ಸಲ ಯಾವುದನ್ನು ಆರ್ಡರ್ ಮಾಡಬೇಕು?

ಉತ್ತರ: ಮಾರ್ಗರೀಟಾ. ಟೊಮೆಟೊ, ಚೀಸ್, ತುಳಸಿ ಜಾತಿಯ ಬೇಸಿಲ್ ಎಲೆ, ಆಲಿವ್ ಎಣ್ಣೆ ಬಿಟ್ಟರೆ ಅದರಲ್ಲಿ ಬೇರೇನಿಲ್ಲ, ತಪ್ಪನ್ನು ಮುಚ್ಚಿಡಲು ಜಾಗವೂ ಇಲ್ಲ. ಸಣ್ಣ ಅಳತೆಯದನ್ನು ತರಿಸಿ, ಅಂಚನ್ನು ಮೊದಲು ಹಾಗೇ ತಿನ್ನಿ. ಅಂಚನ್ನು ತಟ್ಟೆಯಲ್ಲೇ ಬಿಡಬೇಕು ಅನಿಸಿದರೆ ಆ ಅಂಗಡಿಯ ಉಳಿದ ಮೂವತ್ತೊಂಬತ್ತು ಬಗೆಯನ್ನೂ ನೋಡಬೇಕಾಗಿಲ್ಲ.

ಪ್ರಶ್ನೆ: ನಿಜವಾದ ಪಿಜ್ಜಾ ದೊಡ್ಡ ನಗರದಲ್ಲೇ ಸಿಗಬೇಕು, ಸಣ್ಣ ಊರಿನಲ್ಲಿ ಹುಡುಕುವುದೇ ದಂಡ ಎಂದು ಸ್ನೇಹಿತರ ವಾದ. ಹೌದೇ?

ಉತ್ತರ: ಕಾಯಾತ್ಸೊ ಎಂಬ ಊರಿನ ಹೆಸರು ಹೇಳಿ ವಾದ ಮುಗಿಸಿ. ಇಟಲಿಯ ನೇಪಲ್ಸ್ ನಗರದಿಂದ ಉತ್ತರಕ್ಕೆ, ಕಸೆರ್ಟಾ ಪ್ರಾಂತ್ಯದ ಗುಡ್ಡದ ಮೇಲಿನ ಪುಟ್ಟ ಊರು ಅದು. ಅಲ್ಲಿ ಫ್ರಾಂಕೊ ಪೆಪೆ 2012ರಲ್ಲಿ ತೆರೆದ ಪಿಜ್ಜಾ ಅಂಗಡಿಗೆ ಪಿಜ್ಜಾದ ತವರಾದ ನೇಪಲ್ಸ್‌ನಿಂದಲೇ ಜನ ಗುಡ್ಡ ಹತ್ತಿ ಬರುತ್ತಾರೆ. ಅವರು ಹಿಟ್ಟನ್ನು ಮರದ ತೊಟ್ಟಿಯಲ್ಲಿ ಕೈಯಿಂದ ನಾದುತ್ತಾರೆ. ಸುತ್ತಲ ಹೊಲದ ಟೊಮೆಟೊ, ಈರುಳ್ಳಿ, ಆಲಿವ್ ಬಳಸುತ್ತಾರೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸ್ಕ್ರ್ಯಾಂಟನ್ ಪಕ್ಕದ ಓಲ್ಡ್ ಫೋರ್ಜ್ ಇನ್ನೊಂದು. ಹತ್ತು ಸಾವಿರ ಜನವೂ ಇಲ್ಲದ ಆ ಊರು ತನ್ನನ್ನು ತಾನೇ ಜಗತ್ತಿನ ಪಿಜ್ಜಾ ರಾಜಧಾನಿ ಎಂದು ಕರೆದುಕೊಳ್ಳುತ್ತದೆ! ಅಲ್ಲಿನ ಪಿಜ್ಜಾ ಆಯತಾಕಾರದ ತಟ್ಟೆಯಲ್ಲಿ ಬೇಯುತ್ತದೆ. ಬಿರುದು ಸ್ವಲ್ಪ ಹೆಚ್ಚಾಯಿತು, ಆದರೆ ತಟ್ಟೆಯ ಉಪಾಯ ಜಾಣತನದ್ದು. ಅದರ ವಿಷಯ ಕೆಳಗೆ ಅಂಗಡಿಯವರೊಬ್ಬರ ಪ್ರಶ್ನೆಗೆ ಉತ್ತರವಾಗಿ ಬರುತ್ತದೆ.

ಸಣ್ಣ ಊರಿಗೆ ನಿಜವಾಗಿ ಇರುವ ಕಷ್ಟ ವ್ಯಾಪಾರದ ಪ್ರಮಾಣ. ಹಿಟ್ಟು ಎರಡು ಮೂರು ದಿನಕ್ಕೆ ಹಳಸುತ್ತದೆ, ತಾಜಾ ಚೀಸ್ ಅದಕ್ಕಿಂತ ಸ್ವಲ್ಪ ಹೆಚ್ಚು ತಾಳುತ್ತದೆ, ಓವನ್ ಮಾತ್ರ ಹತ್ತು ಗಿರಾಕಿ ಬಂದರೂ ನೂರು ಬಂದರೂ ಅಷ್ಟೇ ಕಾಯಬೇಕು.

ಪ್ರಶ್ನೆ: ನಮ್ಮೂರ ಅಂಗಡಿಯಲ್ಲಿ ಭಾನುವಾರ ತಿಂದ ಪಿಜ್ಜಾ ಬಹಳ ಚೆನ್ನಾಗಿತ್ತು. ಅದೇ ಪಿಜ್ಜಾ ಮಂಗಳವಾರ ಮಧ್ಯಾಹ್ನ ತರಿಸಿದರೆ ತಳ ಬಿಳಿ, ನಡುವೆ ಅಂಟಂಟು, ಅಂಚು ಹುಳಿ. ಅದೇ ಅಡುಗೆಯವರು, ಅದೇ ಸಾಮಾನು. ಏನಾಯಿತು?

ಉತ್ತರ: ನೀವು ಬರೆದ ಮೂರು ದೋಷಕ್ಕೂ ಕಾರಣ ಬೇರೆಬೇರೆ. ಮೂರೂ ಒಟ್ಟಿಗೆ ಬರುವುದು ವ್ಯಾಪಾರ ತಣ್ಣಗಿರುವ ದಿನವೇ.

ಮೊದಲು ಹುಳಿ ಅಂಚು. ಭಾನುವಾರದ ನೂಕುನುಗ್ಗಲಿಗೆಂದು ಹೆಚ್ಚು ಕಲಸಿದ ಹಿಟ್ಟು ಉಳಿದಿರುತ್ತದೆ. ಫ್ರಿಜ್ಜಿನಲ್ಲೂ ಯೀಸ್ಟ್ ನಿಧಾನವಾಗಿ ಕೆಲಸ ಮಾಡುತ್ತಲೇ ಇರುತ್ತದೆ, ಹಿಟ್ಟಿನ ಸಕ್ಕರೆಯನ್ನು ತಿಂದು ಮುಗಿಸುತ್ತದೆ. ಸಕ್ಕರೆ ಇಲ್ಲದ ಹಿಟ್ಟು ಎಷ್ಟು ಬೇಯಿಸಿದರೂ ಹೊಂಬಣ್ಣಕ್ಕೆ ತಿರುಗುವುದಿಲ್ಲ. ಆಮ್ಲ ಹೆಚ್ಚಿ ಹುಳಿ ಬರುತ್ತದೆ, ಹಿಟ್ಟಿನ ಜಿಗುಟು ಸಡಿಲವಾಗಿ ಅಗಲಿಸುವಾಗ ತೂತು ಬೀಳುತ್ತದೆ. ತೂತು ಬೀಳದಿರಲೆಂದು ನಡುವೆ ದಪ್ಪ ಬಿಡುತ್ತಾರೆ. ಆ ದಪ್ಪ ನಡು ಬೇಯುವುದಿಲ್ಲ.

ಬಿಳಿ ತಳಕ್ಕೆ ಕಾರಣ ಓವನ್. ಗಿರಾಕಿ ಇಲ್ಲದಾಗ ಗ್ಯಾಸ್ ಉಳಿಸಲು ಉರಿ ತಗ್ಗಿಸಿರುತ್ತಾರೆ. ಆರ್ಡರ್ ಬಂದ ಕೂಡಲೇ ಉರಿ ಏರಿಸಿದರೆ ಮೇಲಿನ ಗಾಳಿ ಐದು ನಿಮಿಷದಲ್ಲಿ ಬಿಸಿಯಾಗುತ್ತದೆ, ಡಯಲ್ ಕೂಡ 300 ಎನ್ನುತ್ತದೆ. ಕೆಳಗಿನ ಕಲ್ಲು ಮಾತ್ರ ಇನ್ನೂ ತಣ್ಣಗಿರುತ್ತದೆ. ಕಲ್ಲು ಪೂರ್ತಿ ಕಾಯಲು ಒಂದು ಗಂಟೆ ಬೇಕು. ಹೀಗಾಗಿ ಮೇಲೆ ಚೀಸ್ ಕುದಿಯುತ್ತದೆ, ಕೆಳಗೆ ಹಿಟ್ಟು ಹಸಿ.

ಸಾಸಿಗೂ ಹಿಟ್ಟಿಗೂ ನಡುವೆ ಅಂಟಂಟಾದ ಬೂದು ಪದರ ಕಂಡರೆ ಈ ಎರಡು ದೋಷದ ಜೊತೆ ಮೂರನೆಯದೂ ಸೇರಿದೆ ಎಂದು ತಿಳಿಯಿರಿ: ಹಿಟ್ಟನ್ನು ಫ್ರಿಜ್ಜಿನಿಂದ ತೆಗೆದು ನೇರವಾಗಿ ತಟ್ಟಿದ್ದಾರೆ, ಇಲ್ಲವೇ ಸಾಸ್ ನೀರಾಗಿದೆ. ಉಂಡೆ ಹೊರಗೆ ಕನಿಷ್ಠ ಒಂದೂವರೆ ಎರಡು ಗಂಟೆ ಕೂರಬೇಕು. ಆರ್ಡರ್ ಬರುತ್ತದೋ ಇಲ್ಲವೋ ಗೊತ್ತಿಲ್ಲದ ಮಂಗಳವಾರ ಯಾರು ಮೊದಲೇ ತೆಗೆದಿಡುತ್ತಾರೆ?

ನೀವು ಮಾಡಬಹುದಾದದ್ದು ಸುಲಭ. ವಾರಾಂತ್ಯಕ್ಕೆ ಹೋಗಿ, ಅದರಲ್ಲೂ ಬಾಗಿಲು ತೆಗೆದು ಒಂದು ಗಂಟೆ ಕಳೆದ ಮೇಲೆ, ನೂಕುನುಗ್ಗಲಿಗೆ ಸ್ವಲ್ಪ ಮುಂಚೆ. ತೀರ ಜನಜಂಗುಳಿಯ ಹೊತ್ತೂ ಒಳ್ಳೆಯದಲ್ಲ. ಒಂದರ ಹಿಂದೊಂದು ಪಿಜ್ಜಾ ಇಳಿದಾಗ ಪ್ರತಿಯೊಂದೂ ಕಲ್ಲಿನ ಕಾವು ಹೀರುತ್ತದೆ, ನಾಲ್ಕನೆಯದೋ ಐದನೆಯದೋ ಬಿಳಿ ತಳದೊಂದಿಗೆ ಹೊರಬರುತ್ತದೆ. ಕೆಲಸದ ದಿನವೇ ಬೇಕಿದ್ದರೆ ಎರಡು ಗಂಟೆ ಮೊದಲು ಫೋನ್ ಮಾಡಿ ಇಷ್ಟು ಹೊತ್ತಿಗೆ ಬರುತ್ತೇವೆ ಎಂದು ಹೇಳಿ. ಉಂಡೆ ಹೊರಗೆ ಬರುತ್ತದೆ, ಕಲ್ಲೂ ಕಾಯುತ್ತದೆ.

ಪ್ರಶ್ನೆ: ಸೌದೆ ಓವನ್ ಇದ್ದರೆ ಕಣ್ಣುಮುಚ್ಚಿ ಒಳಗೆ ಹೋಗಬಹುದೇ?

ಉತ್ತರ: ಕಣ್ಣು ತೆರೆದೇ ಹೋಗಿ, ಓವನ್ನಿನ ಬಾಯೊಳಗೆ ಇಣುಕಿ ನೋಡಿ. ಒಳಗಿನ ಗುಮ್ಮಟ ಮಸಿ ಹಿಡಿದು ಕಪ್ಪಾಗಿದ್ದರೆ ಕಾವು ಬಂದಿಲ್ಲ. ಚೆನ್ನಾಗಿ ಕಾದಾಗ ಮಸಿಯೇ ಉರಿದುಹೋಗಿ ಇಟ್ಟಿಗೆ ಬೆಳ್ಳಗೆ ಕಾಣುತ್ತದೆ. ಜ್ವಾಲೆ ಗುಮ್ಮಟ ಸವರಿಕೊಂಡು ಮುಂದಕ್ಕೆ ಬಾಗಿರಬೇಕು. ಬರೀ ಕೆಂಡ ಮಿಣುಕುತ್ತಿದ್ದರೆ ಅಥವಾ ಹೊಗೆ ಸುತ್ತುತ್ತಿದ್ದರೆ ಅದು ಅಲಂಕಾರ.

ಸೌದೆಯಿಂದ ಬರುವುದು ರುಚಿಗಿಂತ ಹೆಚ್ಚಾಗಿ ಕಾವು. ಒಂದೂವರೆ ನಿಮಿಷದಲ್ಲಿ ಬೇಯುವ ಪಿಜ್ಜಾಗೆ ಹೊಗೆ ಹತ್ತಲು ಸಮಯವೆಲ್ಲಿ? ಆ ಕಾವನ್ನು ಹತ್ತು ಗಿರಾಕಿಗಾಗಿ ಇಡೀ ಸಂಜೆ ಉಳಿಸಿಕೊಳ್ಳುವುದು ದುಬಾರಿ ಕೆಲಸ. ಬೆಂಕಿ ತಗ್ಗುತ್ತದೆ, ನೆಲ ತಣಿಯುತ್ತದೆ. ಸಣ್ಣ ಊರಿನಲ್ಲಿ 300 ಡಿಗ್ರಿಯಲ್ಲಿ ಅಲುಗಾಡದೆ ನಿಲ್ಲುವ ಕಲ್ಲಿನ ತಳದ ಡೆಕ್ ಓವನ್ನೇ ಹೆಚ್ಚು ನಂಬಿಕಸ್ಥ ಎಂಬುದು ನಮ್ಮ ಅಭಿಪ್ರಾಯ. ಬೆಲ್ಟಿನ ಮೇಲೆ ಪಿಜ್ಜಾ ಸಾಗುವ ಕನ್ವೇಯರ್ ಓವನ್ ಕಂಡು ಮೂಗು ಮುರಿಯುವವರಿದ್ದಾರೆ. ಹಿಟ್ಟು ಒಳ್ಳೆಯದಿದ್ದರೆ ಅದರಿಂದಲೂ ತಿನ್ನಬಹುದಾದ ಪಿಜ್ಜಾ ಬರುತ್ತದೆ, ಪ್ರತಿ ಸಲ ಒಂದೇ ಹದದಲ್ಲಿ ಬರುತ್ತದೆ.

ಪ್ರಶ್ನೆ: ಹೆದ್ದಾರಿ ಪಕ್ಕದ ಊರಿನಲ್ಲಿ ನೇಪಲ್ಸ್ ಶೈಲಿ ಎಂಬ ಬೋರ್ಡ್ ನೋಡಿ ತಿಂದೆವು. ನಡುವೆ ಒದ್ದೆ ಮೆತ್ತಗೆ, ಎತ್ತಿದರೆ ಜೋತುಬೀಳುತ್ತದೆ, ಅಂಚಿನಲ್ಲಿ ಸುಟ್ಟ ಚುಕ್ಕೆ. ವಾಪಸ್ ಕಳಿಸಿದೆವು. ಸರಿ ತಾನೇ?

ಉತ್ತರ: ಬಹುಶಃ ಅಂಗಡಿಯವರದ್ದೇ ಸರಿ. ನೇಪಲ್ಸ್ ಪಿಜ್ಜಾ ಇರುವುದೇ ಹಾಗೆ. ಅದರ ನಿಯಮಗಳನ್ನು ಕಾಯಲು 1984ರಲ್ಲಿ ಅಲ್ಲೊಂದು ಸಂಘ ಹುಟ್ಟಿತು. 2010ರಲ್ಲಿ ಯುರೋಪಿಯನ್ ಒಕ್ಕೂಟ ಈ ಪಿಜ್ಜಾವನ್ನು ಸಾಂಪ್ರದಾಯಿಕ ವಿಶೇಷ ತಿನಿಸೆಂದು ನೋಂದಾಯಿಸಿತು, 2017ರಲ್ಲಿ ನೇಪಲ್ಸ್‌ನ ಪಿಜ್ಜಾ ಮಾಡುವ ಕಲೆ ಯುನೆಸ್ಕೋ ಪಟ್ಟಿ ಸೇರಿತು. ಅಗಲ 35 ಸೆಂಟಿಮೀಟರ್ ಮೀರಬಾರದು, ಅಂಚು ಒಂದರಿಂದ ಎರಡು ಸೆಂಟಿಮೀಟರ್ ಉಬ್ಬಿರಬೇಕು, ನಡುವಿನ ದಪ್ಪ ಅರ್ಧ ಸೆಂಟಿಮೀಟರಿಗೂ ಕಡಿಮೆ, ಬೇಯುವ ಹೊತ್ತು 60ರಿಂದ 90 ಸೆಕೆಂಡ್. ಇಷ್ಟು ಬೇಗ ಬೆಂದದ್ದು ಗರಿಗರಿಯಾಗಲು ಸಾಧ್ಯವಿಲ್ಲ. ಅದನ್ನು ಮಡಚಿಯೋ ಚಾಕು ಫೋರ್ಕಿನಲ್ಲೋ ತಿನ್ನಬೇಕು.

ಮೆತ್ತಗಿರುವುದಕ್ಕೂ ಹಸಿಯಾಗಿರುವುದಕ್ಕೂ ವ್ಯತ್ಯಾಸ ಹೀಗೆ ನೋಡಿ: ಫೋರ್ಕಿನಿಂದ ಚೀಸನ್ನು ಪಕ್ಕಕ್ಕೆ ಸರಿಸಿ ಕೆಳಗಿನ ಹಿಟ್ಟನ್ನು ಸೀಳಿ. ಸಣ್ಣ ರಂಧ್ರಗಳಿದ್ದು ಮೃದುವಾಗಿದ್ದರೆ ಬೆಂದಿದೆ. ಗೋಂದಿನ ಹಾಗೆ ಹೊಳೆಯುತ್ತ ಫೋರ್ಕಿಗೆ ಮೆತ್ತಿಕೊಂಡರೆ ಹಸಿ, ಧೈರ್ಯವಾಗಿ ವಾಪಸ್ ಕಳಿಸಿ. ಮೇಲೆ ನೀರು ಮಡುಗಟ್ಟಿದ್ದರೆ ತಾಜಾ ಮೊಝರೆಲ್ಲಾ ಚೀಸನ್ನು ಹೆಚ್ಚಿ ಬಸಿಯಲು ಬಿಟ್ಟಿಲ್ಲ ಎಂದರ್ಥ. ಗರಿಗರಿ ತಳವೇ ಇಷ್ಟವಾದರೆ ರೋಮ್ ಶೈಲಿ ಅಥವಾ ನ್ಯೂಯಾರ್ಕ್ ಶೈಲಿ ಎಂದು ಬರೆದ ಕಡೆ ಹೋಗಿ.

ಪ್ರಶ್ನೆ: ಚೀಸ್ ರಬ್ಬರಿನಂತೆ ಎಳೆಯುತ್ತದೆ, ಎರಡು ನಿಮಿಷಕ್ಕೆ ಗಟ್ಟಿಯಾಗಿ ಹಾಳೆಯಂತೆ ಎದ್ದು ಬರುತ್ತದೆ. ಇದು ನಕಲಿ ಚೀಸೇ?

ಉತ್ತರ: ಉದ್ದಕ್ಕೆ ಎಳೆದರೆ ಅಸಲಿ ಎಂಬ ನಂಬಿಕೆಯನ್ನು ಜಾಹೀರಾತುಗಳು ಬೆಳೆಸಿವೆ. ಎಳೆತ ನೋಡಿ ಯಾವುದನ್ನೂ ತೀರ್ಮಾನಿಸಲಾಗದು. ಹಾಲಿನ ಕೊಬ್ಬಿನ ಬದಲು ತಾಳೆ ಎಣ್ಣೆಯಂಥ ಸಸ್ಯಜನ್ಯ ಕೊಬ್ಬು, ಪಿಷ್ಟ, ಹಾಲಿನ ಪ್ರೋಟೀನ್ ಸೇರಿಸಿ ಮಾಡುವ ಅನಲಾಗ್ ಎಂಬ ಬದಲಿ ಚೀಸ್ ಇದೆ. ಅಗ್ಗ, ಬಹಳ ದಿನ ತಾಳುತ್ತದೆ, ಆದ್ದರಿಂದ ವ್ಯಾಪಾರ ಕಡಿಮೆ ಇರುವ ಅಂಗಡಿಗೆ ಅದರ ಸೆಳೆತ ಹೆಚ್ಚು. ಅದು ಕರಗಿ ಒಂದೇ ಸಮತಲವಾಗಿ ಹರಡುತ್ತದೆ, ಒಂದೇ ಹಳದಿ ಬಣ್ಣ, ಬಾಯಲ್ಲಿ ಅಂಗುಳಕ್ಕೆ ಮೇಣದಂತೆ ಹತ್ತುತ್ತದೆ, ಹಾಲಿನ ಪರಿಮಳ ಇರುವುದಿಲ್ಲ. ಮೊಝರೆಲ್ಲಾ ಅಲ್ಲಲ್ಲಿ ಗುಳ್ಳೆ ಕಟ್ಟಿ ಕಂದು ಮಚ್ಚೆ ಬೀಳುತ್ತದೆ, ಅಂಚಿನಲ್ಲಿ ಸ್ವಲ್ಪ ಎಣ್ಣೆ ಬಿಡುತ್ತದೆ. ಅನುಮಾನವಿದ್ದರೆ ಪ್ಯಾಕೆಟ್ ತೋರಿಸಲು ಕೇಳಿ. ಪದಾರ್ಥಗಳ ಪಟ್ಟಿಯಲ್ಲಿ ಹಾಲು, ಉಪ್ಪು, ಹೆಪ್ಪು, ಕಿಣ್ವ ಇದ್ದರೆ ಚೀಸ್. ಸಸ್ಯಜನ್ಯ ಕೊಬ್ಬು, ಪಿಷ್ಟ ಮೊದಲ ಸಾಲಿನಲ್ಲೇ ಬಂದರೆ ಬದಲಿ.

ಆದರೆ ನೀವು ಹೇಳಿದ ದೋಷ ಅಸಲಿ ಚೀಸಿನಲ್ಲೂ ಬರುತ್ತದೆ. ಪಿಜ್ಜಾಗೆ ಹೆಚ್ಚಾಗಿ ಬಳಸುವ ಕಡಿಮೆ ತೇವದ ಮೊಝರೆಲ್ಲಾ ತಯಾರಾಗಿ ಎರಡು ಮೂರು ವಾರ ಫ್ರಿಜ್ಜಿನಲ್ಲಿ ಪಕ್ವವಾದರೆ ಚೆನ್ನಾಗಿ ಕರಗುತ್ತದೆ. ತೀರ ಹೊಸದು ರಬ್ಬರ್, ತೀರ ಹಳೆಯದು ಎಣ್ಣೆ ಬಿಟ್ಟು ಗಂಜಿ. ಡೀಪ್ ಫ್ರೀಜ್ ಮಾಡಿ ಅವಸರದಲ್ಲಿ ಕರಗಿಸಿದ್ದು ಪುಡಿಪುಡಿಯಾಗುತ್ತದೆ. ಮುಖ್ಯವಾಗಿ ಪ್ರಮಾಣ: 30 ಸೆಂಟಿಮೀಟರ್ ಪಿಜ್ಜಾಗೆ 90ರಿಂದ 110 ಗ್ರಾಂ ಚೀಸ್, 70ರಿಂದ 80 ಗ್ರಾಂ ಸಾಸ್ ಸಾಕು. "ಡಬಲ್ ಚೀಸ್" ಎಂದರೆ ಹಿಟ್ಟಿನಿಂದ ಏಳುವ ಆವಿಗೆ ಹೋಗಲು ದಾರಿಯಿಲ್ಲ, ಹಾಳೆಯಂತೆ ಎದ್ದುಬರುವುದು ಅದಕ್ಕೇ.

ಪ್ರಶ್ನೆ: ಪಿಜ್ಜಾ ಮೇಲೆ ಅನಾನಸ್ ಹಾಕುವುದು ಅಪರಾಧವೇ?

ಉತ್ತರ: ಸಣ್ಣ ಊರಿನ ಅಭಿಮಾನಿಗಳಾಗಿ ನಾವು ಅದರ ಪರ. ಅದನ್ನು 1962ರಲ್ಲಿ ಶುರುಮಾಡಿದ ಶ್ರೇಯಸ್ಸು ಕೆನಡಾದ ಚಾಟಮ್ ಎಂಬ ಊರಿನಲ್ಲಿ ಹೋಟೆಲ್ ನಡೆಸುತ್ತಿದ್ದ ಸ್ಯಾಮ್ ಪಾನೊಪುಲೋಸ್ ಅವರದು. ಡಬ್ಬಿಯ ರಸ ಬಸಿದು, ಬಟ್ಟೆಯಲ್ಲಿ ಒತ್ತಿ ಒಣಗಿಸಿ ಹಾಕಿರಬೇಕು, ಅಷ್ಟೇ.

ಪ್ರಶ್ನೆ: ಒಳ್ಳೆಯ ಅಂಗಡಿ ಪಕ್ಕದ ಊರಿನಲ್ಲಿದೆ, ನಲವತ್ತು ನಿಮಿಷದ ದಾರಿ. ಮನೆಗೆ ತರುವಷ್ಟರಲ್ಲಿ ಒದ್ದೆ ಕಾಗದದಂತಾಗುತ್ತದೆ. ಏನು ಮಾಡಲಿ?

ಉತ್ತರ: ಬಿಸಿ ಪಿಜ್ಜಾ ಆವಿ ಬಿಡುತ್ತದೆ, ಮುಚ್ಚಿದ ಡಬ್ಬಿಯಲ್ಲಿ ಆ ಆವಿ ನೀರಾಗಿ ಮತ್ತೆ ಅದರ ಮೇಲೇ ಬೀಳುತ್ತದೆ. ಹತ್ತು ಹದಿನೈದು ನಿಮಿಷ ದಾಟಿದರೆ ಯಾವ ಪಿಜ್ಜಾವೂ ಗರಿಗರಿ ಉಳಿಯದು. ಹಾಗಾಗಿ ಬಿಸಿಯಾಗಿ ತರುವ ಆಸೆ ಬಿಟ್ಟು, ಮನೆಯಲ್ಲಿ ಮತ್ತೆ ಬಿಸಿಮಾಡುವ ಲೆಕ್ಕದಲ್ಲೇ ತನ್ನಿ. ಆರ್ಡರ್ ಮಾಡುವಾಗಲೇ ಮೂರು ಮಾತು ಹೇಳಿ: ಒಂದು ನಿಮಿಷ ಮೊದಲೇ ಓವನ್ನಿನಿಂದ ತೆಗೆಯಿರಿ, ತುಂಡು ಮಾಡಬೇಡಿ, ಡಬ್ಬಿಗೆ ಹಾಕುವ ಮುಂಚೆ ಎರಡು ನಿಮಿಷ ಜಾಲರಿಯ ಮೇಲೆ ಆರಲು ಬಿಡಿ. ತುಂಡು ಮಾಡಿದರೆ ಸೀಳಿನಿಂದ ಸಾಸ್ ಇಳಿದು ತಳ ನೆನೆಯುತ್ತದೆ. (ಒಂದೂವರೆ ನಿಮಿಷದಲ್ಲಿ ಬೇಯುವ ನೇಪಲ್ಸ್ ಪಿಜ್ಜಾಗೆ ಈ ಉಪಾಯ ನಡೆಯದು. ಅದನ್ನು ಅಲ್ಲೇ ಕೂತು ತಿನ್ನಿ.) ಡಬ್ಬಿಯ ಗಾಳಿಕಂಡಿಗಳನ್ನು ತೆರೆದಿಡಿ, ಕಾರಿನ ಸೀಟಿನ ಮೇಲೆ ವಾರೆಯಾಗಿ ಇಡಬೇಡಿ.

ಮನೆಯಲ್ಲಿ ಓವನ್ ಇದ್ದರೆ ಕಬ್ಬಿಣದ ತಟ್ಟೆಯೊಂದನ್ನು ಒಳಗಿಟ್ಟು 220 ಡಿಗ್ರಿಗೆ ಕಾಯಿಸಿ, ಅದರ ಮೇಲೆ ಐದಾರು ನಿಮಿಷ. ಇಲ್ಲದಿದ್ದರೆ ದಪ್ಪ ತವಾ ಸಾಕು: ಎಣ್ಣೆ ಹಾಕದೆ ಮಧ್ಯಮ ಉರಿಯಲ್ಲಿ ತುಂಡನ್ನು ಎರಡು ಮೂರು ನಿಮಿಷ ಇಡಿ, ತಳ ಗರಿಗರಿಯಾದ ಮೇಲೆ ಉರಿ ತಗ್ಗಿಸಿ ತವಾದ ಬದಿಗೆ ನಾಲ್ಕು ಹನಿ ನೀರು ಚಿಮುಕಿಸಿ ಒಂದು ನಿಮಿಷ ಮುಚ್ಚಿ. ನೀರಿನ ಆವಿಗೆ ಚೀಸ್ ಕರಗುತ್ತದೆ. ಮೈಕ್ರೋವೇವ್ ಹಿಟ್ಟನ್ನು ಮೊದಲು ಮೆತ್ತಗೆ, ತಣಿದ ಕೂಡಲೇ ಚರ್ಮದಂತೆ ಮಾಡುತ್ತದೆ. ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮೂರು ದಿನದೊಳಗೆ ಮುಗಿಸಿ.

ಪ್ರಶ್ನೆ: ಸಣ್ಣ ಊರಿನಲ್ಲಿ ಪಿಜ್ಜಾ ಅಂಗಡಿ ಇಟ್ಟಿದ್ದೇನೆ. ದಿನಕ್ಕೆ ಹದಿನೈದು ಪಿಜ್ಜಾ ಹೋದರೆ ಹೆಚ್ಚು. ಹಿಟ್ಟು ಕಲಸಿದರೆ ಹಾಳಾಗುತ್ತದೆ ಎಂದು ರೆಡಿಮೇಡ್ ಬೇಸ್‌ಗೆ ಇಳಿದಿದ್ದೇನೆ. ಬೇರೆ ದಾರಿ ಇದೆಯೇ?

ಉತ್ತರ: ಹದಿನೈದು ಪಿಜ್ಜಾ ಕಡಿಮೆಯೇನಲ್ಲ, ಹಿಟ್ಟಿನ ಲೆಕ್ಕ ಹಾಕಲು ಅದು ಸಾಕು. ಪ್ರತಿ ಉಂಡೆ 250 ಗ್ರಾಂ ಎಂದರೆ ಬೇಕಾದದ್ದು ಮೈದಾ 2.3 ಕಿಲೋ, ನೀರು 1.4 ಲೀಟರ್, ಉಪ್ಪು 58 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 5 ಗ್ರಾಂ. ಮೈದಾದಲ್ಲಿ ಪ್ರೋಟೀನ್ ನೂರಕ್ಕೆ 12ರಷ್ಟಾದರೂ ಇರಲಿ, ಅದಕ್ಕಿಂತ ಕಡಿಮೆಯದು ಎರಡು ದಿನದ ಹುದುಗು ತಾಳುವುದಿಲ್ಲ. ದಿನ ಬಿಟ್ಟು ದಿನ ಇದರ ಎರಡರಷ್ಟು ಕಲಸಿ.

ಹಿಟ್ಟು ಹಾಳಾಗುವುದು ಬಹುತೇಕ ಕಲಸುವಾಗಿನ ಬಿಸಿಯಿಂದ. ಕಲಸಿ ಮುಗಿದಾಗ ಅದರ ಉಷ್ಣತೆ 24 ಡಿಗ್ರಿ ಇರಬೇಕು. ಇದಕ್ಕೆ ಬೇಕರಿಯವರ ಹಳೆಯ ಲೆಕ್ಕವಿದೆ: 24ನ್ನು ಮೂರರಿಂದ ಗುಣಿಸಿದರೆ 72, ಅದರಲ್ಲಿ ಮೈದಾದ ಉಷ್ಣತೆ, ಕೋಣೆಯ ಉಷ್ಣತೆ, ಮಿಕ್ಸರಿನ ತಿಕ್ಕಾಟದ ಬಿಸಿ ಮೂರನ್ನೂ ಕಳೆದರೆ ಉಳಿದದ್ದೇ ನೀರಿನ ಉಷ್ಣತೆ. ಮೈದಾ 28, ಕೋಣೆ 28, ತಿಕ್ಕಾಟ 8 ಎಂದುಕೊಂಡರೆ ನೀರು 8 ಡಿಗ್ರಿ, ಅಂದರೆ ಫ್ರಿಜ್ಜಿನ ನೀರು. ನಲ್ಲಿ ನೀರು ಸುರಿದು ಕಲಸಿದ ಹಿಟ್ಟು ಫ್ರಿಜ್ಜಿನ ಚಳಿ ಒಳಗಿಳಿಯುವ ಮೊದಲೇ ಉಬ್ಬಿ ಮುಗಿದಿರುತ್ತದೆ. ಕಲಸಿದ ಮೇಲೆ ಅರ್ಧ ಗಂಟೆ ಬಿಟ್ಟು ಉಂಡೆ ಕಟ್ಟಿ, ಟ್ರೇ ಮೇಲೆ ದಿನಾಂಕ ಬರೆದ ಚೀಟಿ ಅಂಟಿಸಿ 4 ಡಿಗ್ರಿಯ ಫ್ರಿಜ್ಜಿಗೆ. ಟ್ರೇಗಳನ್ನು ಮೊದಲ ಎರಡು ಗಂಟೆ ಅಡ್ಡಡ್ಡ ಪೇರಿಸಿ, ಬಿಸಿ ಹೊರಗೆ ಹೋಗಲಿ. ಆಮೇಲೆ ಸರಿಯಾಗಿ ಮುಚ್ಚಿ; ಇಲ್ಲದಿದ್ದರೆ ಉಂಡೆಯ ಮೇಲೆ ಸಿಪ್ಪೆ ಕಟ್ಟುತ್ತದೆ. 24 ಗಂಟೆಯಿಂದ 48 ಗಂಟೆಯೊಳಗಿನ ಉಂಡೆ ದುಂಡು ಪಿಜ್ಜಾಗೆ.

ಮೂರನೆಯ ದಿನಕ್ಕೆ ಉಳಿದ ಉಂಡೆಗಳಿಗೆ ಓಲ್ಡ್ ಫೋರ್ಜಿನವರ ಹಾಗೆ ತಟ್ಟೆ ಹಿಡಿಯಿರಿ. 25ಕ್ಕೆ 35 ಸೆಂಟಿಮೀಟರ್ ಅಳತೆಯ, ಎತ್ತರದ ಅಂಚಿನ ಕಬ್ಬಿಣದ ತಟ್ಟೆಗೆ ಒಂದೂವರೆ ಚಮಚ ಎಣ್ಣೆ ಸವರಿ, ಎರಡು ಉಂಡೆ ಸೇರಿಸಿ ಒತ್ತಿ ಹರಡಿ. ಹಿಟ್ಟು ಹಿಂದಕ್ಕೆ ಎಳೆದುಕೊಂಡರೆ ಹತ್ತು ನಿಮಿಷ ಬಿಟ್ಟು ಮತ್ತೆ ಒತ್ತಿ. ಎರಡು ಗಂಟೆ ಉಬ್ಬಲು ಬಿಟ್ಟು 250 ಡಿಗ್ರಿಯಲ್ಲಿ 13ರಿಂದ 15 ನಿಮಿಷ. ಸಡಿಲವಾದ ಹಿಟ್ಟನ್ನು ತಟ್ಟೆಯೇ ಹಿಡಿದು ನಿಲ್ಲಿಸುತ್ತದೆ, ಎಣ್ಣೆಯಲ್ಲಿ ತಳ ಹುರಿದಂತಾಗುತ್ತದೆ, ಬಣ್ಣದ ಕೊರತೆ ಮುಚ್ಚಿಹೋಗುತ್ತದೆ. ಓವನ್ ಕಾವು ಸ್ವಲ್ಪ ಕಡಿಮೆ ಇದ್ದರೂ ನಡೆಯುತ್ತದೆ. ದಪ್ಪನೆಯ ಈ ಪಿಜ್ಜಾ ಪಾರ್ಸೆಲ್‌ನಲ್ಲೂ ಬೇಗ ಸೋಲುವುದಿಲ್ಲ. ವಾರದ ನಡುವಿನ ದಿನಗಳಿಗೆ ಇದನ್ನೇ ಮುಖ್ಯ ತಿನಿಸಾಗಿ ಇಟ್ಟು, ದುಂಡು ಪಿಜ್ಜಾವನ್ನು ವಾರಾಂತ್ಯಕ್ಕೆ ಉಳಿಸಿಕೊಂಡರೂ ತಪ್ಪಿಲ್ಲ.

ಒಂದು ಖರ್ಚು ಮಾತ್ರ ಮಾಡಿ: ಕಲ್ಲಿಗೆ ಗುರಿಯಿಟ್ಟು ಉಷ್ಣತೆ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್. ಡೆಕ್ ಓವನ್ನಿನ ಕಲ್ಲು 280 ದಾಟದೆ ಹಿಟ್ಟು ಒಳಗೆ ಹೋಗಬಾರದು. ಓವನ್ನಿನ ಡಯಲ್ ಹೇಳುವುದು ಗಾಳಿಯ ಸುದ್ದಿ.

ಪ್ರಶ್ನೆ: ಊರಿಗೆ ಇರುವುದು ಒಂದೇ ಅಂಗಡಿ, ಪಿಜ್ಜಾ ಸುಮಾರಾಗಿರುತ್ತದೆ. ಮಾಲೀಕರು ಪರಿಚಯಸ್ಥರು, ಚೆನ್ನಾಗಿಲ್ಲ ಎನ್ನಲು ಸಂಕೋಚ. ಏನಾದರೂ ಉಪಾಯ?

ಉತ್ತರ: ದೂರು ಹೇಳಬೇಡಿ, ಆರ್ಡರ್ ಬದಲಿಸಿ. ಸಾಸ್ ಅರ್ಧ, ಚೀಸ್ ಮುಕ್ಕಾಲು, ಟಾಪಿಂಗ್ ಒಂದೇ. ನೀರು ಬಿಡುವ ಅಣಬೆ, ಹಸಿ ಟೊಮೆಟೊ, ಕ್ಯಾಪ್ಸಿಕಂ ಮೂರನ್ನೂ ಒಟ್ಟಿಗೆ ಬೇಡ ಅನ್ನಿ. "ಇನ್ನೂ ಎರಡು ನಿಮಿಷ ಬೇಯಲಿ, ತಳ ಕೆಂಪಾಗಲಿ, ಸ್ವಲ್ಪ ಕಪ್ಪಾದರೂ ಪರವಾಗಿಲ್ಲ" ಎಂದು ಬಾಯಿಬಿಟ್ಟು ಹೇಳಿ. ಗಿರಾಕಿ ಸುಟ್ಟಿದೆ ಎಂದಾರೆಂಬ ಭಯಕ್ಕೆ ಬಹಳ ಅಂಗಡಿಯವರು ಬೇಗ ತೆಗೆಯುತ್ತಾರೆ. ರೆಡಿಮೇಡ್ ಬೇಸ್ ಬಳಸುವ ಅಂಗಡಿಯಾದರೆ ಬೇಸನ್ನು ಎರಡು ನಿಮಿಷ ಬರಿದೇ ಓವನ್ನಿನಲ್ಲಿಟ್ಟು ಆಮೇಲೆ ಸಾಸ್ ಹಚ್ಚಲು ಕೇಳಿಕೊಳ್ಳಿ. ಮೇಲ್ಮೈ ಒಣಗಿದ್ದರೆ ಸಾಸ್ ಒಳಗಿಳಿಯುವುದಿಲ್ಲ. ಎಲೆ, ಒಳ್ಳೆಯ ಎಣ್ಣೆ ಇದ್ದರೆ ಅವನ್ನು ಬೇಯಿಸುವ ಮೊದಲಲ್ಲ, ಹೊರಬಂದ ಮೇಲೆ ಹಾಕಲಿ. ಮುಂದಿನ ಸಲ ಅವರೇ "ನಿಮ್ಮ ಥರದ್ದೇ ಮಾಡಲಾ?" ಎಂದು ಕೇಳಿದರೆ ಪಕ್ಕದ ಮೇಜಿನವರೂ ಅದನ್ನೇ ತರಿಸುವ ದಿನ ದೂರವಿಲ್ಲ.